ಯಾರೂ ತೆರೆಯದ ಫೈಲು

“ಸಾರ್, ಯಾರೂ ತೆರೆಯದ ಫೈಲನ್ನ ಎಷ್ಟು ದಿನ ಇಟ್ಕೊಂಡಿದ್ದು ಆಮೇಲೆ ಅಳಿಸಬಹುದು?” ಎಂದು ಓಂಕಾರ ಕೇಳಿದ.

ತಿಪಟೂರಿನ ಕೊಬ್ಬರಿ ಮಂಡಿಯೊಂದರ ಮೇಲಿನ ಕೋಣೆಯಲ್ಲಿ ರೇಣುಕಯ್ಯ ಮೇಷ್ಟ್ರು ನಮಗೆ ವೆಬ್‌ಸೈಟ್ ಕಟ್ಟುವ ಕೆಲಸ ಕಲಿಸುತ್ತಿದ್ದರು. ಹೊರಗೆ ಬೋರ್ಡಿರಲಿಲ್ಲ. ಒಳಗೆ ಹಳೆಯ ಕಂಪ್ಯೂಟರುಗಳು, ಒಂದು ಬೆಂಚು, ನೀರಿನ ಮಡಕೆ, ಮತ್ತು ಧಾರಾಳವಾಗಿ ಸಿಗುವ ಬೈಗುಳ. ನಮ್ಮಲ್ಲೆಲ್ಲ ಓಂಕಾರನೇ ಚುರುಕು. ಊರಿನ ಒಂದು ಫೋಟೊ ಸ್ಟುಡಿಯೊದವರು ಅವನಿಗೆ ಕೆಲಸವೊಂದನ್ನು ಒಪ್ಪಿಸಿದ್ದರು. ಅವರ ಗಿರಾಕಿಗಳ ಮದುವೆ, ನಾಮಕರಣ, ಅರವತ್ತರ ಶಾಂತಿಯ ಚಿತ್ರಗಳೆಲ್ಲ ಕ್ಲೌಡ್‌ನಲ್ಲಿ ತುಂಬಿಕೊಂಡಿದ್ದವು. ಕ್ಲೌಡ್ ಅಂದರೆ ಮತ್ತೇನಲ್ಲ, ದೂರದಲ್ಲೆಲ್ಲೋ ಇರುವ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಬಾಡಿಗೆಗೆ ಹಿಡಿದ ಜಾಗ. ಬೇಡದ್ದನ್ನು ತೆಗೆದು ಆ ಜಾಗ ಖಾಲಿ ಮಾಡುವ ಸ್ಕ್ರಿಪ್ಟನ್ನು ಓಂಕಾರ ಬರೆದು ಮುಗಿಸಿದ್ದ. ಅದನ್ನು ಓಡಿಸಿದರೆ ವರ್ಷದಿಂದ ಯಾರೂ ತೆರೆದು ನೋಡದ್ದೆಲ್ಲ ಅಳಿಸಿಹೋಗುತ್ತಿತ್ತು. ಇನ್ನು ಒಂದು ಕೀಲಿ ಒತ್ತುವುದಷ್ಟೇ ಬಾಕಿ ಇತ್ತು.

ಓಂಕಾರನ ವಿಷಯ ಇನ್ನೊಂದು ಮಾತು ಇಲ್ಲೇ ಹೇಳಬೇಕು. ಅವನ ಅಕ್ಕ ನಳಿನಿ ಅವನಿಗಿಂತ ಮೊದಲು ಇದೇ ಬೆಂಚಿನ ಮೇಲೆ ಕೂತು ಕಲಿತವಳು. ದಿನವಿಡೀ ಕೋಡ್ ಬರೆಯುತ್ತಿದ್ದವಳಿಗೆ ಫೋನಿನಲ್ಲಿ ಎರಡು ಸಾಲು ಬರೆಯಲು ಸೋಮಾರಿತನ. ತಮ್ಮನಿಗಾಗಲಿ ಮೇಷ್ಟ್ರಿಗಾಗಲಿ ಏನಿದ್ದರೂ ಬಾಯಲ್ಲೇ ಹೇಳಿ ಆ ಧ್ವನಿಯನ್ನು ಕಳಿಸುತ್ತಿದ್ದಳು. ಅವಳು ತೀರಿಕೊಂಡು ಎರಡನೆಯ ವರ್ಷ ನಡೆಯುತ್ತಿತ್ತು. ಅವಳ ಮಾತು ಬಂದರೆ ಓಂಕಾರ ನೀರು ಕುಡಿಯುವ ನೆಪದಲ್ಲಿ ಎದ್ದುಹೋಗುತ್ತಿದ್ದ. ಫೋನಿನಲ್ಲಿ ಮಾತ್ರ ಅವಳ ಹೆಸರನ್ನು ಎಲ್ಲರ ಹೆಸರಿಗಿಂತ ಮೇಲೆ ಇಟ್ಟುಕೊಂಡಿದ್ದ. ನಾವು ಕಂಡೂ ಕಾಣದವರ ಹಾಗೆ ಇರುತ್ತಿದ್ದೆವು.

ಮೇಷ್ಟ್ರು ಓಂಕಾರನ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

“ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಬೈಯೋಣ ಅಂದ್ರೆ ನೀನು ಆತುರಗಾರನೂ ಅಲ್ಲ. ಕೇಳ್ಕೊಂಡು ಒತ್ತೋಣ ಅಂತ ಬಂದಿದ್ದೀಯ. ಚೆನ್ನಾಗೂ ಬರೆದಿದ್ದೀಯ. ಕೂತ್ಕೋ. ಆ ಕೀಲಿ ಮೇಲಿಂದ ಕೈ ತೆಗಿ,” ಎಂದರು.

ಆಮೇಲೆ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಡೆವಲಪರ್ ಇದ್ದ. ಕೆಲಸದಲ್ಲಿ ಜಾಣ, ಗುಣದಲ್ಲಿ ಸಾಧು. ಇಂಥವರನ್ನು ಕಂಡರೆ ನನಗೆ ಸ್ವಲ್ಪ ಭಯ. ದಡ್ಡ ಮಾಡಿದ ತಪ್ಪು ಸಂಜೆಯೊಳಗೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಜಾಣ ಮಾಡಿದ ತಪ್ಪನ್ನು ಹುಡುಕಲು ಯಾರೂ ಹೋಗುವುದಿಲ್ಲ.

ಅವನು ದುಡಿಯುತ್ತಿದ್ದ ಕಂಪನಿ ಜನರ ಚಿತ್ರಗಳನ್ನೂ ಧ್ವನಿಗಳನ್ನೂ ಇಟ್ಟುಕೊಳ್ಳುವ ವೆಬ್‌ಸೈಟ್ ನಡೆಸುತ್ತಿತ್ತು. ಮಗುವಿನ ತೊದಲು, ಅಜ್ಜಿಯ ಹಾಡು, ಮನೆಯವರ ನಗು, ಯಾರಿಗೆ ಏನು ಬೇಕೋ ಅದನ್ನು ಅಲ್ಲಿ ಇಡಬಹುದಿತ್ತು. ಜನ ಇಡುತ್ತಾ ಹೋದರು. ತೆಗೆಯುವವರು ಯಾರೂ ಇಲ್ಲ. ಕ್ಲೌಡ್‌ನ ಬಾಡಿಗೆ ಏರುತ್ತಾ ಹೋಯಿತು. ಒಂದು ದಿನ ಕಂಪನಿಯ ಒಡೆಯ ಡೆವಲಪರನ್ನು ಕರೆದು, ಯಾರಿಗೂ ಬೇಡದ್ದನ್ನು ತೆಗೆದುಹಾಕು ಎಂದ.

ಬೇಡದ್ದು ಯಾವುದು ಎಂದು ಒಡೆಯ ಹೇಳಲಿಲ್ಲ. ಡೆವಲಪರ್ ಕೇಳಲೂ ಇಲ್ಲ. ತಾನೇ ಒಂದು ನಿಯಮ ಮಾಡಿಕೊಂಡ. ಫೈಲನ್ನು ಯಾರಾದರೂ ತೆರೆದಾಗಲೆಲ್ಲ ಅದರ ಪಕ್ಕದಲ್ಲಿ ಆ ದಿನದ ತಾರೀಖು ಬೀಳುವಂತೆ ಅವನು ಹಿಂದೆಯೇ ಕೋಡ್ ಬರೆದಿಟ್ಟಿದ್ದ. ತಾರೀಖು ಬಿದ್ದು ವರ್ಷ ದಾಟಿದ ಫೈಲು, ಅಥವಾ ಬಂದು ವರ್ಷವಾದರೂ ತಾರೀಖೇ ಬೀಳದ ಫೈಲು ಬೇಡದ್ದು. ನೋಡಲು ಎಷ್ಟು ಚೊಕ್ಕವಾದ ನಿಯಮ. ನಿನ್ನದೂ ಅದೇ ತಾನೆ, ಓಂಕಾರ?

ಆಮೇಲೆ ಸ್ಕ್ರಿಪ್ಟ್ ಬರೆದ. ಅದರಲ್ಲಿ ಬೈಯುವುದಕ್ಕೆ ನನಗೆ ಏನೂ ಸಿಗುವುದಿಲ್ಲ. ಕ್ಲೌಡ್‌ನ ಜಾಗಕ್ಕೆ ಒಳಬಿಡುವ ಗುಟ್ಟಿನ ಕೀಯನ್ನು ನಿಮ್ಮ ಹಾಗೆ ಕೋಡಿನೊಳಗೇ ಅಂಟಿಸಲಿಲ್ಲ, ಹೊರಗೆ ಬೇರೆ ಕಡೆ ಜೋಪಾನವಾಗಿ ಇಟ್ಟ. ಆ ಕೀಗೆ ಬೇಕಾದಷ್ಟೇ ಅಧಿಕಾರ ಕೊಟ್ಟ. ನಡುವೆ ಇಂಟರ್ನೆಟ್ ಕೈಕೊಟ್ಟರೆ ಸ್ಕ್ರಿಪ್ಟ್ ತಾನೇ ಸ್ವಲ್ಪ ಕಾದು ಮತ್ತೆ ಪ್ರಯತ್ನಿಸುತ್ತಿತ್ತು. ಏನು ಅಳಿಸಿದೆ, ಯಾವಾಗ ಅಳಿಸಿದೆ ಎಂದು ಸಾಲು ಸಾಲಾಗಿ ಲಾಗ್‌ನಲ್ಲಿ ಬರೆದಿಡುತ್ತಿತ್ತು. ಅಳಿಸುವ ಮೊದಲು ಆಯಾ ಖಾತೆಯವರಿಗೆ ಇಮೇಲಿನಲ್ಲಿ ಎಚ್ಚರಿಕೆಯನ್ನೂ ಕಳಿಸುತ್ತಿತ್ತು. ಒಂದು ಸಲವಲ್ಲ, ಮತ್ತೆ ಮತ್ತೆ.

ಅಷ್ಟೂ ಸಾಲದೆಂದು ಮೊದಲು ಏನನ್ನೂ ಅಳಿಸದೆ, ಅಳಿಸಬೇಕಾದವುಗಳ ಹೆಸರನ್ನು ಮಾತ್ರ ತೋರಿಸುವ ಹಾಗೆ ಓಡಿಸಿ ನೋಡಿದ. ಹೆಸರುಗಳು ಪರದೆಯ ಮೇಲೆ ಸರಸರನೆ ಏರಿಹೋದವು. ಮೊದಲ ಒಂದಷ್ಟನ್ನು ಓದಿದ. ಹಳೆಯ ಕರೆಂಟ್ ಬಿಲ್ಲು, ಮಸುಕಾದ ಚಿತ್ರ, ಯಾರೋ ತಪ್ಪಿ ಒತ್ತಿ ರೆಕಾರ್ಡ್ ಆದ ಬಸ್ಸಿನ ಸದ್ದು. ಎಲ್ಲ ಕಸವೇ ಎಂದು ಅವನಿಗೆ ಸಮಾಧಾನವಾಯಿತು. ಕೊನೆಯವರೆಗೆ ಓದಲಿಲ್ಲ. ಯಾರು ಓದುತ್ತಾರೆ? ನಾನೂ ಓದುವುದಿಲ್ಲ, ನೀವೂ ಓದುವುದಿಲ್ಲ.

ಒಂದು ಕೆಲಸವನ್ನು ಮಾತ್ರ ಅವನು ಮಾಡಿ ಕೆಟ್ಟ. ಅಳಿಸಿದ ಫೈಲಿನ ಹಳೆಯ ಪ್ರತಿಯೊಂದನ್ನು ಕ್ಲೌಡ್‌ನವರು ಇಟ್ಟುಕೊಳ್ಳುತ್ತಿದ್ದರು. ಆ ಪ್ರತಿಗೂ ಬಾಡಿಗೆ ಬೀಳುತ್ತದೆ, ಇದನ್ನು ಇಟ್ಟುಕೊಂಡರೆ ತೆಗೆದು ಏನು ಬಂತು ಎಂದು ಆ ಏರ್ಪಾಟನ್ನು ನಿಲ್ಲಿಸಿಬಿಟ್ಟ. ಒಂದು ಸೋಮವಾರ ಮಧ್ಯಾಹ್ನ ಕೀಲಿ ಒತ್ತಿ ಊಟಕ್ಕೆ ಹೋದ. ಕೈ ತೊಳೆದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಒಡೆಯ ಅವನ ಬೆನ್ನು ತಟ್ಟಿದ.

ಅವನೇನೂ ಪರದೇಶದವನಲ್ಲ, ನಮ್ಮ ಕಡೆಯವನೇ. ಅವನ ಮನೆಯಲ್ಲೂ ಅಟ್ಟವಿತ್ತು. ಅಟ್ಟಕ್ಕೆ ಹಾಕಿದ ತೆಂಗಿನಕಾಯನ್ನು ಹೆಚ್ಚುಕಡಿಮೆ ವರ್ಷದವರೆಗೆ ಯಾರೂ ಮುಟ್ಟುವುದಿಲ್ಲ. ಹಾಗೆ ಬಿಟ್ಟರೇ ಒಳಗಿನ ನೀರು ಇಂಗಿ ಅದು ಉಂಡೆ ಕೊಬ್ಬರಿಯಾಗುವುದು. ಯಾರೂ ಮುಟ್ಟಿಲ್ಲವೆಂದು ಅಟ್ಟದ ಕಾಯನ್ನು ತಿಪ್ಪೆಗೆ ಸುರಿದವನನ್ನು ಈ ಊರಿನಲ್ಲಿ ಯಾರಾದರೂ ಕಂಡಿದ್ದೀರಾ? ಇಷ್ಟು ತಿಳಿದ ಮನೆಯ ಮಗ ಕಂಪ್ಯೂಟರಿನ ಮುಂದೆ ಕೂತಾಗ ಅದನ್ನು ಮರೆತ. ಅವನ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಸಂಕಟವಾಗುತ್ತದೆ.

ಅದೇ ಪಟ್ಟಣದಲ್ಲಿ ಹೊಲಿಗೆ ಮಾಡಿ ಬದುಕುವ ಒಬ್ಬ ಹೆಂಗಸಿದ್ದಳು. ಅವಳಿಗೆ ಒಬ್ಬಳೇ ಮಗಳು. ಆ ಮಗಳು ಈ ವೆಬ್‌ಸೈಟಿನಲ್ಲಿ ತನ್ನ ಇಮೇಲ್ ಕೊಟ್ಟು ಖಾತೆ ತೆರೆದಿದ್ದಳು. ಅದನ್ನು ತಾಯಿಯ ಫೋನಿಗೂ ಹಾಕಿಕೊಟ್ಟು, ಇಲ್ಲಿ ಒತ್ತಿದರೆ ಹೆಸರು ಕಾಣುತ್ತದೆ, ಹೆಸರನ್ನು ಒತ್ತಿದರೆ ಮಾತು ಕೇಳುತ್ತದೆ ಎಂದು ಕಲಿಸಿದ್ದಳು. ತಾಯಿಗೆ ಅಷ್ಟು ಮಾತ್ರ ಬರುತ್ತಿತ್ತು.

ಮಗಳಿಗೆ ಕಾಯಿಲೆ ಬಂತು. ಆಸ್ಪತ್ರೆ ಸೇರಿದಳು. ಒಂದು ದಿನ ತಾಯಿ ಗಂಜಿ ತರಲು ಹೊರಗೆ ಹೋದಾಗ ಮಗಳು ಮಂಚದ ಮೇಲೆ ಒರಗಿಕೊಂಡೇ ಏನನ್ನೋ ಮಾತಾಡಿ ರೆಕಾರ್ಡ್ ಮಾಡಿದಳು. ಅದಕ್ಕೆ ‘ಅವ್ವನಿಗೆ’ ಎಂದು ಹೆಸರಿಟ್ಟಳು. ತಾಯಿ ಬಂದ ಮೇಲೆ, ನಾನಿಲ್ಲದಾಗ ಇದನ್ನು ಕೇಳು, ಈಗ ಬೇಡ ಎಂದಳು. ತಾಯಿ ಗದರಿದಳು. ಎರಡು ವಾರವಾಗುವಷ್ಟರಲ್ಲಿ ಮಗಳು ಹೋಗಿಬಿಟ್ಟಳು.

ಆ ತಾಯಿ ಪ್ರತಿ ಸಂಜೆ ದೇವರಿಗೆ ದೀಪ ಹಚ್ಚಿ, ಫೋನು ತೆಗೆದು, ಆ ವೆಬ್‌ಸೈಟಿಗೆ ಹೋಗುತ್ತಿದ್ದಳು. ‘ಅವ್ವನಿಗೆ’ ಎಂಬ ಹೆಸರು ಕಾಣುತ್ತಿತ್ತು. ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ಕೂರುತ್ತಿದ್ದಳು. ಬೆರಳು ಅದರವರೆಗೂ ಹೋಗುತ್ತಿತ್ತು. ಒತ್ತುತ್ತಿರಲಿಲ್ಲ. ಫೋನು ಬದಿಗಿಟ್ಟು ಒಲೆ ಹಚ್ಚುತ್ತಿದ್ದಳು.

ಇಲ್ಲಿ ಓಂಕಾರ ತಡೆಯಲಾರದೆ ಬಾಯಿ ಹಾಕಿದ. “ಸಾರ್, ಹೆಸರುಗಳ ಪಟ್ಟಿ ನೋಡಿದ್ರೆ ಫೈಲು ತೆರೆದ ಹಾಗಲ್ಲ. ತಾರೀಖು ಬೀಳಲ್ಲ.”

“ಬೀಳಲ್ಲ. ನೀನು ಬರೆದದ್ದರಲ್ಲೂ ಬೀಳಲ್ಲ. ಆಗಲೇ ನೋಡಿದೆ,” ಎಂದರು ಮೇಷ್ಟ್ರು. ಮತ್ತೆ ಮುಂದುವರಿಸಿದರು.

ಆ ಸೋಮವಾರ ಸಂಜೆ ಅವಳು ದೀಪ ಹಚ್ಚಿ ಫೋನು ತೆಗೆದಳು. ಹೆಸರು ಇರಲಿಲ್ಲ. ಕನ್ನಡಕ ಒರೆಸಿಕೊಂಡು ನೋಡಿದಳು. ಫೋನನ್ನು ಆರಿಸಿ ಮತ್ತೆ ಹಚ್ಚಿದಳು. ಪಕ್ಕದ ಮನೆಯವರಿಗೆ ತೋರಿಸಿದಳು, ಅಂಗಡಿಯವರಿಗೆ ತೋರಿಸಿದಳು. ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಯಾರೋ ಕಂಪನಿಯ ವಿಳಾಸ ಹುಡುಕಿಕೊಟ್ಟರು. ಬುಧವಾರ ಹೊಲಿಯುವ ಬಟ್ಟೆಯನ್ನೆಲ್ಲ ಮಡಿಸಿಟ್ಟು, ಬಸ್ಸು ಹತ್ತಿ ಅಲ್ಲಿಗೆ ಹೋದಳು.

ಬಾಗಿಲಿನಲ್ಲಿದ್ದವರು, ಇಲ್ಲಿ ಗಿರಾಕಿಗಳು ಬರುವ ಹಾಗಿಲ್ಲ, ಏನಿದ್ದರೂ ವೆಬ್‌ಸೈಟಿನಲ್ಲಿ ಬರೆದು ಕಳಿಸಿ ಎಂದರು. ಅವಳು ಅಲ್ಲೇ ಗೋಡೆಯ ಪಕ್ಕ ನಿಂತಳು. ಡೆವಲಪರ್ ಚಹಾಕ್ಕೆಂದು ಹೊರಗೆ ಬಂದವನು ನೋಡಿದ. ಸಾಧು ಎಂದೆನಲ್ಲ, ಅವಳನ್ನು ಒಳಗೆ ಕರೆದು ಕುರ್ಚಿ ಕೊಟ್ಟ.

ಅವಳು ಫೋನು ಮುಂದೆ ಚಾಚಿದಳು. “ಇಲ್ಲೊಂದು ಹೆಸರಿತ್ತು ಕಣಪ್ಪ, ‘ಅವ್ವನಿಗೆ’ ಅಂತ. ನನ್ನ ಮಗಳು ಹೋಗೋಕೆ ಮುಂಚೆ ಮಾತಾಡಿಟ್ಟಿದ್ದು. ಸೋಮವಾರದಿಂದ ಕಾಣ್ತಿಲ್ಲ. ನಾನೇ ಏನಾದ್ರೂ ಒತ್ತಿ ಕೆಡಿಸಿಬಿಟ್ನೋ ಏನೋ.”

ಅವನು ಲಾಗ್ ತೆರೆದು ಆ ಹೆಸರು ಹುಡುಕಿದ. ಸಿಕ್ಕಿತು. ಸೋಮವಾರ ಮಧ್ಯಾಹ್ನದ ಊಟದ ಹೊತ್ತು. ಅದರ ಪಕ್ಕದಲ್ಲಿ, ಬಂದ ದಿನದಿಂದ ಒಮ್ಮೆಯೂ ತೆರೆದಿಲ್ಲ ಎಂದಿತ್ತು.

“ನೀವೇನೂ ಕೆಡಿಸಿಲ್ಲಮ್ಮ,” ಎಂದ. “ಅದನ್ನ ಯಾರೂ ಒಂದು ಸಲಾನೂ ತೆರೆದಿರ್ಲಿಲ್ಲ. ಯಾರಿಗೂ ಬೇಡ ಅಂದ್ಕೊಂಡು ನಾವು ಅಳಿಸಿದ್ವಿ.”

“ತೆರೆದಿರ್ಲಿಲ್ಲ, ನಿಜ. ಕೇಳಿಬಿಟ್ರೆ ಅವಳು ನನಗೆ ಹೇಳೋದು ಮುಗಿದುಹೋಗುತ್ತಲ್ಲಪ್ಪ. ಮನಸ್ಸು ಗಟ್ಟಿಯಾದ ದಿನ ಕೇಳೋಣ ಅಂತ ಇಟ್ಕೊಂಡಿದ್ದೆ. ದಿನಾ ದೀಪ ಹಚ್ಚಿದ ಮೇಲೆ ಬಂದು ಹೆಸರು ನೋಡ್ಕೊಂಡು ಹೋಗ್ತಿದ್ದೆ.”

ಎಚ್ಚರಿಕೆ ಕಳಿಸಿದ್ದೆವಲ್ಲಮ್ಮ ಎನ್ನಲು ಅವನು ಬಾಯಿ ತೆರೆದ. ಅದು ಯಾವ ವಿಳಾಸಕ್ಕೆ ಹೋಗಿದೆ ಎಂದು ನೋಡಿದ. ಮಗಳ ಇಮೇಲು. ಮಣ್ಣಾದವಳಿಗೆ ಅವನ ಸ್ಕ್ರಿಪ್ಟ್ ಮತ್ತೆ ಮತ್ತೆ ಬರೆದಿತ್ತು: ನಿಮಗೆ ಈ ಫೈಲು ಬೇಕಿದ್ದರೆ ದಯವಿಟ್ಟು ಒಮ್ಮೆ ತೆರೆಯಿರಿ. ಉತ್ತರ ಬರಲಿಲ್ಲವಾದ್ದರಿಂದ ಒಪ್ಪಿಗೆ ಇದೆಯೆಂದು ತಿಳಿದಿತ್ತು. ಅವನು ಬಾಯಿ ಮುಚ್ಚಿದ.

ಅವಳೇ ಕೇಳಿದಳು. “ಹೋಗ್ಲಿ ಬಿಡಪ್ಪ. ತೆಗೆದುಹಾಕೋಕೆ ಮುಂಚೆ ನಿಮ್ಮಲ್ಲಿ ಯಾರಾದ್ರೂ ಅದನ್ನ ಕೇಳಿಸ್ಕೊಂಡಿದ್ರಾ? ಏನಂದಿದ್ಲು ಅಂತ ಹೇಳಿದ್ರೆ ಸಾಕು.”

“ಇಲ್ಲಮ್ಮ. ಬೇರೆಯವರ ಫೈಲನ್ನ ನಾವು ತೆರೆಯೋ ಹಾಗಿಲ್ಲ.”

ಅದೂ ಒಳ್ಳೆಯ ನಿಯಮವೇ. ಅವಳು ಹೌದೆಂಬಂತೆ ತಲೆಯಾಡಿಸಿದಳು. ಫೋನನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ನಿನ್ನ ಕೆಲಸದ ಹೊತ್ತು ಹಾಳು ಮಾಡಿದೆ, ಬರ್ತೀನಪ್ಪ ಎಂದು ಎದ್ದಳು. ಅವನು ಬಸ್ಸಿನವರೆಗೂ ಜೊತೆಗೆ ಹೋದ. ದಾರಿಯಲ್ಲಿ ಅವಳೇ ಅವನಿಗೆ, ಊಟ ಆಯಿತಾ ಎಂದು ಕೇಳಿದಳು. ಬೈದಿದ್ದರೆ ಅವನಿಗೆ ಆ ದಿನ ಅನ್ನವಾದರೂ ಇಳಿಯುತ್ತಿತ್ತು.

ಅವನು ಸುಮ್ಮನೆ ಕೂರಲಿಲ್ಲ. ಕ್ಲೌಡ್‌ನವರಿಗೆ ಬರೆದ. ಹಳೆಯ ಪ್ರತಿ ಇಡಬೇಡಿರೆಂದು ನೀವೇ ಹೇಳಿದ್ದೀರಿ, ಈಗ ನಮ್ಮಲ್ಲಿ ಏನೂ ಇಲ್ಲ ಎಂದು ಅವರು ಉತ್ತರ ಬರೆದರು. ಅವರು ಹೇಳಿದ್ದೂ ಸರಿಯೇ. ನಿಲ್ಲಿಸಿದ್ದ ಏರ್ಪಾಟನ್ನು ಅವನು ಮತ್ತೆ ಶುರು ಮಾಡಿದ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂದು ಒಡೆಯನೂ ಸಮಾಧಾನ ಹೇಳಿದ. ಅಳಿಸಿದ ಲಕ್ಷಗಟ್ಟಲೆ ಫೈಲಿನಲ್ಲಿ ಬೇಕಾಗಿದ್ದದ್ದು ಒಂದು ತಾನೆ ಎಂದೂ ಹೇಳಿದ. ಅವಳ ಮನೆಯಲ್ಲಿ ಇದ್ದದ್ದೇ ಒಂದು.

ಆಮೇಲೆ ಅವನು ಒಂದು ದಿನ ಸರ್ವರಿನ ಲಾಗ್ ತೆರೆದು ಕೂತ. ವೆಬ್‌ಸೈಟಿಗೆ ಯಾರು ಬಂದರು, ಏನು ಕೇಳಿದರು, ಸರ್ವರು ಏನು ಕೊಟ್ಟಿತು, ಎಲ್ಲ ಅಲ್ಲಿ ಇರುತ್ತದೆ. ಅವಳ ಫೋನಿನ ಗುರುತು ಹಿಡಿದು ಹಿಂದೆ ಹಿಂದೆ ಹೋದ. ಪ್ರತಿ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಒಂದು ಸಾಲು. ಬಂದಳು, ಹೆಸರುಗಳ ಪಟ್ಟಿ ಕೇಳಿದಳು, ಹೋದಳು. ಮಳೆಯಿದ್ದರೂ, ಹಬ್ಬವಿದ್ದರೂ, ಒಂದು ಸಂಜೆಯೂ ತಪ್ಪಿರಲಿಲ್ಲ. ಅವನು ನೋಡಿದ್ದರೆ ಸಾಕಿತ್ತು, ಅವನ ಕೈಯಳತೆಯಲ್ಲೇ ಇತ್ತು. ಯಾರೂ ಮುಟ್ಟಿಲ್ಲವೆಂದು ಅವನು ಅಳಿಸಿದ ಫೈಲಿನ ಹತ್ತಿರ ಇಡೀ ವೆಬ್‌ಸೈಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದುಹೋದವಳು ಅವಳೇ ಇದ್ದರೂ ಇರಬಹುದು.

ಅವನು ಮುಂದಕ್ಕೂ ನೋಡಿದ. ಆ ಸೋಮವಾರದ ಮೇಲೂ ಸಾಲುಗಳು ನಿಂತಿರಲಿಲ್ಲ. ಅವಳು ಈಗಲೂ ಬರುತ್ತಿದ್ದಳು. ಪಟ್ಟಿ ಕೇಳುತ್ತಿದ್ದಳು. ಪಟ್ಟಿಯಲ್ಲಿ ಏನೂ ಇರುತ್ತಿರಲಿಲ್ಲ. ಖಾಲಿ ಪಟ್ಟಿಯನ್ನು ಕೊಡುವುದು ಸರ್ವರಿನ ಲೆಕ್ಕದಲ್ಲಿ ತಪ್ಪಲ್ಲ. ಕೇಳಿದ್ದನ್ನು ಕೊಟ್ಟಾಯಿತು, ಎಲ್ಲ ಸರಿಯಾಗಿದೆ ಎಂದು ಅದು ಪ್ರತಿ ಸಂಜೆ ಬರೆದುಕೊಳ್ಳುತ್ತಿತ್ತು.

ಮೇಷ್ಟ್ರು ಕತೆ ನಿಲ್ಲಿಸಿದರು. ಕೆಳಗೆ ಮಂಡಿಯಲ್ಲಿ ಕೊಬ್ಬರಿ ಸುರಿಯುವ ಸದ್ದು ಕೇಳುತ್ತಿತ್ತು.

ಓಂಕಾರ ಪರದೆಯ ಕಡೆ ತಿರುಗಿದ. ಅವನು ಕಲಿಯುವ ಹುಡುಗ, ಕತೆಯೊಳಗಿಂದಲೂ ಕೆಲಸವನ್ನೇ ಹೆಕ್ಕಿಕೊಂಡ. “ಅವನು ಒಂದೇ ಏಟಿಗೆ ಅಳಿಸಬಾರದಿತ್ತು ಸಾರ್. ಮೊದಲು ಬೇರೆ ಕಡೆ ಎತ್ತಿಟ್ಟು ಕಾಯಬೇಕಿತ್ತು. ಹಳೇ ಪ್ರತಿ ಇಟ್ಕೋಬೇಕಿತ್ತು. ಹೆಸರು ನೋಡೋಕೆ ಬಂದವರನ್ನೂ ಲೆಕ್ಕಕ್ಕೆ ಹಿಡೀಬೇಕಿತ್ತು. ಅಷ್ಟನ್ನೂ ನಾನು ಈಗಲೇ ಸೇರಿಸ್ತೀನಿ.”

“ಸೇರಿಸು. ಅಷ್ಟೂ ಬೇಕು. ಉತ್ತರ ಬರದೇ ಇದ್ರೆ ಒಪ್ಪಿಗೆ ಅಂತ ತಿಳ್ಕೊಳೋ ಸಾಲು ನಿನ್ನದರಲ್ಲೂ ಇದೆ, ಅದನ್ನೂ ತೆಗಿ,” ಎಂದರು ಮೇಷ್ಟ್ರು.

ಓಂಕಾರ ಆ ಸಾಲನ್ನು ತೆಗೆದ. ಆದರೂ ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. “ಒಂದು ಮಾತು ಸಾರ್. ಅವಳೇನೋ ದಿನಾ ಬಂದು ನೋಡ್ತಿದ್ಲು. ಬಂದೂ ನೋಡದೇ, ತೆರೆಯದೇ, ವರ್ಷಗಟ್ಟಲೆ ಹಾಗೇ ಬಿಟ್ಟಿರೋದನ್ನ? ಅದೂ ಯಾರಿಗೋ ಬೇಕಾಗಿದೆ ಅಂತ ಹೇಗೆ ನಂಬೋದು?”

ಮೇಷ್ಟ್ರು ಪರದೆಯಿಂದ ಕಣ್ಣು ತೆಗೆದರು. ಮೇಜಿನ ಮೇಲೆ ಮಗುಚಿಟ್ಟಿದ್ದ ಓಂಕಾರನ ಫೋನನ್ನು ನೋಡಿದರು. ಬೈಯುವ ದನಿ ಅವರಲ್ಲಿ ಉಳಿದಿರಲಿಲ್ಲ.

“ನಿಮ್ಮಕ್ಕ ಕೊನೇಲಿ ಮಾತಾಡಿ ಕಳಿಸಿದ್ದನ್ನ ನೀನು ಕೇಳಿದ್ಯೇನಪ್ಪ?” ಎಂದರು.

ಓಂಕಾರ ಆ ಫೋನಿನ ಮೇಲೆ ಕೈಯಿಟ್ಟ. ಈ ಸಲ ನೀರು ಕುಡಿಯಲು ಏಳಲಿಲ್ಲ.